ಮೆಕ್ಯಾನಿಕಲ್ ವಾಲ್ವಾ, ಟಿಶ್ಯೂ ವಾಲ್ವಾ? ಮೊದಲು ಲ್ಯಾಬ್ ಎಷ್ಟು ದೂರ ಅಂತ ನೋಡಿ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಮನೆಯವರು ನನ್ನ ಹತ್ತಿರ ಒಂದೇ ಮಾತು ಕೇಳಿದರು. "ಅಕ್ಕ, ಹಾರ್ಟಿಗೆ ವಾಲ್ವ್ ಹಾಕಿಸಬೇಕಂತೆ. ಮೆಕ್ಯಾನಿಕಲ್ ಹಾಕಿಸೋದಾ, ಟಿಶ್ಯೂ ಹಾಕಿಸೋದಾ?" ಒಬ್ಬರು ಹಿರಿಯೂರು ಕಡೆಯವರು. ಮಗಳಿಗೆ 26 ವರ್ಷ, ಮದುವೆಯಾಗಿ ಒಂದು ವರ್ಷ ಆಗಿದೆ. ಇನ್ನೊಬ್ಬರು ಜಗಳೂರು ಹತ್ತಿರದ ರೈತರು, 48 ವರ್ಷ. ಮೂರನೆಯವರು ವಿದ್ಯಾನಗರದ ನಿವೃತ್ತ ಮೇಷ್ಟ್ರು, 69.

ನನ್ನನ್ನು ಯಾಕೆ ಕೇಳುತ್ತಾರೆ ಅಂದರೆ, ನಮ್ಮ ಮನೆಯಲ್ಲಿ ಎರಡೂ ಥರದ ವಾಲ್ವ್ ಇವೆ. ತಮ್ಮನಿಗೆ 34ನೇ ವಯಸ್ಸಿನಲ್ಲಿ ಮೆಕ್ಯಾನಿಕಲ್ ವಾಲ್ವ್ ಹಾಕಿದರು, ಈಗ ಹನ್ನೊಂದು ವರ್ಷ. ಚಿಕ್ಕಪ್ಪನಿಗೆ 68ರಲ್ಲಿ ಟಿಶ್ಯೂ ವಾಲ್ವ್ ಹಾಕಿದರು, ಇದು ನಾಲ್ಕನೇ ವರ್ಷ. ನಾನು ಡಾಕ್ಟರ್ ಅಲ್ಲ. ತಮ್ಮನ ರಕ್ತಪರೀಕ್ಷೆಯ ಪುಸ್ತಕ ಬರೆಯುವವಳು, ಅಷ್ಟೇ. ಯಾವ ವಾಲ್ವ್ ಅಂತ ಕೊನೆಗೆ ಹೇಳಬೇಕಾದವರು ನಿಮ್ಮ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ನೋಡಿದ ಸರ್ಜನ್. ಆದರೆ ಅವರು "ನೀವೇ ಯೋಚನೆ ಮಾಡಿ ಹೇಳಿ" ಅಂತ ಬಿಟ್ಟಾಗ ಏನನ್ನು ಯೋಚನೆ ಮಾಡಬೇಕು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ನಮಗೂ ಗೊತ್ತಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಲ್ವ್ ಅಂದರೆ ಹೃದಯದಲ್ಲಿ ರಕ್ತ ಒಂದೇ ಕಡೆಗೆ ಹರಿಯುವ ಹಾಗೆ ನೋಡಿಕೊಳ್ಳುವ ಬಾಗಿಲು. ಲೋಹದ ಮೆಕ್ಯಾನಿಕಲ್ ವಾಲ್ವ್ ಜೊತೆಗೆ ಸಾಯುವವರೆಗೂ ರಕ್ತ ತೆಳು ಮಾಡುವ ಮಾತ್ರೆ ಬರುತ್ತದೆ, ಅದು ಹದವಾಗಿದೆಯಾ ಅಂತ ಆಗಾಗ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯೂ ಬರುತ್ತದೆ. ಪ್ರಾಣಿಯ ಅಂಗದಿಂದ ಮಾಡಿದ ಟಿಶ್ಯೂ ವಾಲ್ವ್ ಜೊತೆಗೆ ಮುಂದೊಂದು ದಿನ ಇನ್ನೊಂದು ಆಪರೇಷನ್ ಬರಬಹುದು. ಇವೆರಡರಲ್ಲಿ ನಿಮ್ಮ ಮನೆ ಯಾವುದನ್ನು ತಾಳಿಕೊಳ್ಳುತ್ತದೆ ಅಂತ ಕೂತು ಲೆಕ್ಕ ಹಾಕಬೇಕು. ಎಲ್ಲರೂ "ಯಾವ ಕಂಪನಿದು ಒಳ್ಳೇದು" ಅಂತ ಕೇಳುತ್ತಾರೆ. "ನಮ್ಮೂರಿಂದ ಲ್ಯಾಬಿಗೆ ಎಷ್ಟೊತ್ತಿಗೆ ಬಸ್ಸಿದೆ" ಅಂತ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಯೇ ದೊಡ್ಡದು.

ಮೊದಲು ಈ ಲೆಕ್ಕ ಹಾಕಿಕೊಳ್ಳಿ

ವಯಸ್ಸು ಎಲ್ಲಕ್ಕಿಂತ ಮುಂದೆ ಬರುತ್ತದೆ. ಟಿಶ್ಯೂ ವಾಲ್ವ್ ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ ಬರುತ್ತದೆ, ಚಿಕ್ಕವರಲ್ಲಿ ಬೇಗ ಹಾಳಾಗುತ್ತದೆ, ಯಾಕಂದರೆ ಎಳೆ ಮೈಯಲ್ಲಿ ಅದರ ಮೇಲೆ ಸುಣ್ಣದಂಶ ಬೇಗ ಕಟ್ಟುತ್ತದೆ. ಅಮೆರಿಕದ ಹೃದಯ ತಜ್ಞರ 2020ರ ಮಾರ್ಗಸೂಚಿಯಲ್ಲಿ 50ರ ಒಳಗಿನವರಿಗೆ ಮೆಕ್ಯಾನಿಕಲ್, 65 ದಾಟಿದವರಿಗೆ ಟಿಶ್ಯೂ ಕಡೆ ಒಲವಿದೆ. ನಡುವಿನವರು ಕೂತು ಮಾತಾಡಿ ತೀರ್ಮಾನಿಸಬೇಕು. ಇದು ಅಯೋರ್ಟಿಕ್ ವಾಲ್ವ್, ಅಂದರೆ ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಿನ ಮಾತು. ಮೈಟ್ರಲ್, ಅಂದರೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು ಆದರೆ, 65ರ ಒಳಗಿನವರಿಗೂ ಮೆಕ್ಯಾನಿಕಲ್ ಕಡೆಗೇ ವಾಲುತ್ತಾರೆ, ಏಕೆಂದರೆ ಆ ಜಾಗದಲ್ಲಿ ಟಿಶ್ಯೂ ಇನ್ನೂ ಬೇಗ ಸವೆಯುತ್ತದೆ.

ಹಾಗಾಗಿ ಎರಡನೆಯದು, ಕೆಟ್ಟಿರುವುದು ಯಾವ ವಾಲ್ವ್ ಅಂತ ತಿಳಿದುಕೊಳ್ಳಿ. ಹೃದಯದಲ್ಲಿ ನಾಲ್ಕು ವಾಲ್ವ್ ಇವೆ. ಜಾಸ್ತಿ ತೊಂದರೆ ಕೊಡುವುದು ಎಡಗಡೆಯ ಎರಡು, ಮೈಟ್ರಲ್ ಮತ್ತು ಅಯೋರ್ಟಿಕ್. ನಮ್ಮ ಕಡೆ ಚಿಕ್ಕ ವಯಸ್ಸಿನಲ್ಲೇ ವಾಲ್ವ್ ಕೆಡುವುದಕ್ಕೆ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಆಮೇಲೆ ಕೀಲು ಊದುತ್ತದೆ, ಎಲ್ಲ ವಾಸಿಯಾಯಿತು ಅಂತ ಮರೆತುಬಿಡುತ್ತೇವೆ. ಇಪ್ಪತ್ತು ವರ್ಷದ ಮೇಲೆ ಮೆಟ್ಟಿಲು ಹತ್ತುವಾಗ ಉಬ್ಬಸ ಶುರುವಾಗುತ್ತದೆ. ಈ ರೋಗ ಹೆಚ್ಚಾಗಿ ಹಿಡಿಯುವುದು ಮೈಟ್ರಲ್ ವಾಲ್ವನ್ನು. ತಮ್ಮನದೂ ಅದೇ.

ಮೂರನೆಯದು ಲ್ಯಾಬ್. ಇದರ ಬಗ್ಗೆ ಮುಂದೆ ತುಂಬಾ ಹೇಳುವುದಿದೆ. ನಾಲ್ಕನೆಯದು, ಮುಂದೆ ಮಕ್ಕಳು ಬೇಕಾ ಅನ್ನುವುದು. ಹೆಣ್ಣುಮಕ್ಕಳ ಆಯ್ಕೆಯನ್ನೇ ಇದು ತಿರುಗಿಸಿಬಿಡುತ್ತದೆ. ಐದನೆಯದು, ರಕ್ತ ತೆಳು ಮಾಡುವ ಮಾತ್ರೆ ಬೇರೆ ಕಾರಣಕ್ಕೆ ಹೇಗಿದ್ದರೂ ಬೇಕಾ, ಇಲ್ಲ ಕೊಡಲೇಬಾರದಾ? ಎದೆಬಡಿತ ತಾಳ ತಪ್ಪಿದ್ದರೆ, ಅಂದರೆ ಡಾಕ್ಟರು "ಎಎಫ್" ಅಂತ ಬರೆದಿದ್ದರೆ, ಮಾತ್ರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಹೊಟ್ಟೆ ಹುಣ್ಣಿನಿಂದ ರಕ್ತ ಹೋಗಿದ್ದರೆ, ಮಿದುಳಲ್ಲಿ ರಕ್ತಸ್ರಾವ ಆಗಿದ್ದರೆ, ಕುಡಿತ ಬಿಡಲು ಆಗದಿದ್ದರೆ, ಮಾತ್ರೆಯೇ ಅಪಾಯ. ಕುಡಿತದ ವಿಷಯ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಮನೆಯವರ ಮುಂದೆ ಹೇಳಲು ಸಂಕೋಚ ಆದರೆ ಒಬ್ಬರೇ ಒಳಗೆ ಹೋಗಿ ಹೇಳಿ.

ದುಡ್ಡಿನ ಲೆಕ್ಕ ಕೊನೆಗೆ ಬರುತ್ತದೆ. ಅದು ಚಿಕ್ಕದು ಅಂತಲ್ಲ. ಅದಕ್ಕೆ ದಾರಿ ಇದೆ ಅಂತ.

ಇರುವ ವಾಲ್ವನ್ನೇ ಉಳಿಸಿಕೊಳ್ಳಲು ಆಗುತ್ತಾ?

ಇದನ್ನು ಕೇಳದೆ ಮುಂದೆ ಹೋಗಬೇಡಿ. ಮೈಟ್ರಲ್ ವಾಲ್ವ್ ಬರೀ ಕಿರಿದಾಗಿದ್ದು, ಸೋರಿಕೆ ಅಷ್ಟಾಗಿ ಇಲ್ಲದೆ, ಸುಣ್ಣ ಕಟ್ಟದೆ, ಒಳಗೆ ಹೆಪ್ಪು ಇಲ್ಲದಿದ್ದರೆ ಬಲೂನ್ ಹಾಕಿ ಬಿಡಿಸಬಹುದು. ತೊಡೆಯ ಸಂದಿನ ರಕ್ತನಾಳದಿಂದ ತೆಳು ನಳಿಕೆ ಏರಿಸಿ, ವಾಲ್ವಿನ ನಡುವೆ ಬಲೂನ್ ಊದುತ್ತಾರೆ. ಜಪಾನಿನ ಡಾಕ್ಟರ್ ಇನೌಎ 1982ರಲ್ಲಿ ಮೊದಲು ಮಾಡಿ, 1984ರಲ್ಲಿ ಪ್ರಕಟಿಸಿದ ವಿಧಾನ ಇದು. ಎದೆ ಸೀಳುವುದಿಲ್ಲ. ತಮ್ಮನಿಗೆ 24ನೇ ವಯಸ್ಸಿನಲ್ಲಿ ಇದನ್ನು ಮಾಡಿದರು. ಹತ್ತು ವರ್ಷ ಚೆನ್ನಾಗಿದ್ದ. ಆ ಹತ್ತು ವರ್ಷದಲ್ಲಿ ಮದುವೆಯಾಯಿತು, ಎರಡು ಮಕ್ಕಳಾದವು, ವೈರಿಂಗ್ ಕೆಲಸಕ್ಕೆ ಸ್ವಂತ ಅಂಗಡಿ ಆಯಿತು. ಆಮೇಲೆ ಮತ್ತೆ ಕಿರಿದಾಗಿ, ಜೊತೆಗೆ ಸೋರಿಕೆಯೂ ಸೇರಿತು.

ಸೋರುವ ಮೈಟ್ರಲ್ ವಾಲ್ವನ್ನು ಆಪರೇಷನ್ ಮಾಡಿ ರಿಪೇರಿ ಮಾಡುವುದೂ ಉಂಟು. ಆಗುವಂತಿದ್ದರೆ ಅದೇ ಒಳ್ಳೆಯದು. ರುಮ್ಯಾಟಿಕ್ ಜ್ವರದಿಂದ ದಪ್ಪವಾಗಿ ಮುದುಡಿದ ವಾಲ್ವಿಗೆ ರಿಪೇರಿ ಕಷ್ಟ, ಅದಕ್ಕೆ ಪಳಗಿದ ಕೈ ಬೇಕು. "ರಿಪೇರಿ ಆಗುತ್ತಾ, ನೀವು ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ?" ಅಂತ ಸರ್ಜನ್ನನ್ನು ನೇರವಾಗಿ ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಮೆಕ್ಯಾನಿಕಲ್ ವಾಲ್ವ್

ಇದು ಲೋಹ ಮತ್ತು ಇಂಗಾಲದಿಂದ ಮಾಡಿದ ಬಾಗಿಲು. ಮೊದಲು 1960ರಲ್ಲಿ ಬಂದದ್ದು ಪಂಜರದೊಳಗೆ ಚೆಂಡು ಇಟ್ಟಂಥದ್ದು. ಆಮೇಲೆ ಒಂದು ಬಿಲ್ಲೆ ವಾಲುವಂಥದ್ದು, 1977ರಿಂದ ಎರಡು ರೆಕ್ಕೆಯ ಬಾಗಿಲಿನಂಥದ್ದು ಬಂದವು. ಈಗ ಎಲ್ಲ ಕಡೆ ಜಾಸ್ತಿ ಹಾಕುವುದು ಎರಡು ರೆಕ್ಕೆಯದು. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ಕೂಡ ಇದೆ. ಹೆಸರು ಕೇಳಿ ನಮ್ಮ ಚಿತ್ರದುರ್ಗದ ಕಡೆಯದು ಅಂದುಕೊಳ್ಳುವವರಿದ್ದಾರೆ. ಅದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ ತಯಾರಾದದ್ದು. 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ವಾಲುವ ಬಿಲ್ಲೆಯ ಥರದ್ದು, ಬಿಲ್ಲೆ ಗಟ್ಟಿ ಪ್ಲಾಸ್ಟಿಕ್‌ನದು. ಹೊರದೇಶದವುಗಳಿಗಿಂತ ಅಗ್ಗ. ಅಗ್ಗ ಅಂದ ಮಾತ್ರಕ್ಕೆ ಕಳಪೆ ಅಂತ ತಿಳಿಯಬೇಡಿ. ಯೋಜನೆಯಲ್ಲಿ ಯಾವುದು ಸಿಗುತ್ತದೋ ಅದನ್ನು ಹಾಕಿಸಿಕೊಂಡು ನೆಮ್ಮದಿಯಾಗಿ ಇರುವವರು ತುಂಬಾ ಜನ ಇದ್ದಾರೆ.

ಮೆಕ್ಯಾನಿಕಲ್ ವಾಲ್ವಿನ ದೊಡ್ಡ ಗುಣ, ಅದು ಸವೆಯುವುದಿಲ್ಲ. ಹೆಪ್ಪು ಕಟ್ಟಿದರೆ, ಸೋಂಕಾದರೆ, ಸುತ್ತ ಮಾಂಸ ಬೆಳೆದು ಅಡ್ಡಿಯಾದರೆ ಮತ್ತೆ ತೆಗೆಯಬೇಕಾಗುವುದುಂಟು. ಹಾಗೇನೂ ಆಗದಿದ್ದರೆ ಜೀವನಪೂರ್ತಿ ನಡೆಯುತ್ತದೆ.

ಸದ್ದು ಮಾಡುತ್ತದೆ, ಅದು ನಿಜ. ಆಪರೇಷನ್ ಆಗಿ ಮನೆಗೆ ಬಂದ ಮೊದಲ ರಾತ್ರಿ ಕರೆಂಟ್ ಹೋಗಿತ್ತು. ಫ್ಯಾನ್ ನಿಂತಿತು. ಕತ್ತಲಲ್ಲಿ ಟಿಕ್ ಟಿಕ್ ಅಂತ ಕೇಳಿಸಿತು. ಅವ್ವ ಗೋಡೆ ಗಡಿಯಾರ ಅಂದುಕೊಂಡಳು. ತಮ್ಮ ಬಾಯಿ ತೆರೆದ, ಸದ್ದು ಇನ್ನೂ ಜೋರಾಯಿತು. ಆಗ ಅವಳಿಗೆ ಗೊತ್ತಾಯಿತು. ಆರು ತಿಂಗಳಲ್ಲಿ ಎಲ್ಲರಿಗೂ ಅಭ್ಯಾಸ ಆಯಿತು. ಈಗ ಅವನ ಚಿಕ್ಕ ಮಗಳು ಎದೆ ಮೇಲೆ ಕಿವಿ ಇಟ್ಟು ಎಣಿಸುತ್ತಾ ನಿದ್ದೆ ಹೋಗುತ್ತಾಳೆ. ಆ ಸದ್ದು ಒಂದು ಕಾವಲೂ ಹೌದು. ಟಿಕ್ ಅನ್ನುವುದು ಮಂದವಾದರೆ, ನಿಂತ ಹಾಗೆ ಅನಿಸಿದರೆ, ಜೊತೆಗೆ ಉಬ್ಬಸ ಬಂದರೆ, ವಾಲ್ವಿಗೆ ಹೆಪ್ಪು ಕಟ್ಟಿರಬಹುದು. ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು.

ದೊಡ್ಡ ಭಾರ ಮಾತ್ರೆಯದು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಕಿತ್ತು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದಕ್ಕೆ ದಿನಾ ಮಾತ್ರೆ, ಒಂದು ದಿನವೂ ಬಿಡದೆ.

ಟಿಶ್ಯೂ ವಾಲ್ವ್

ದನದ ಹೃದಯದ ಹೊರಪೊರೆಯಿಂದ ಅಥವಾ ಹಂದಿಯ ವಾಲ್ವಿನಿಂದ ಮಾಡುತ್ತಾರೆ. ಇದನ್ನು ಕೇಳಿ ಹಿಂದೆ ಸರಿಯುವವರು ಎಲ್ಲ ಜಾತಿ ಧರ್ಮದಲ್ಲೂ ಇದ್ದಾರೆ. ನಮ್ಮ ಚಿಕ್ಕಪ್ಪ ಲಿಂಗ ಕಟ್ಟಿದವರು, ಮೊಟ್ಟೆ ಸಹ ಮುಟ್ಟದವರು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ತಮ್ಮ ಗುರುಗಳ ಹತ್ತಿರ ಹೋಗಿ ಕೇಳಿಕೊಂಡು ಬಂದು, "ಜೀವ ಉಳಿಸೋಕೆ ಅಲ್ವಾ, ಹಾಕ್ಲಿ" ಅಂದರು. ಮನಸ್ಸಿಗೆ ಹಿಂಸೆ ಆಗುತ್ತಿದ್ದರೆ ನೀವೂ ನಿಮ್ಮ ಹಿರಿಯರ ಹತ್ತಿರ ಮೊದಲೇ ಮಾತಾಡಿ. ಆಪರೇಷನ್ ಆದ ಮೇಲೆ ಗೊತ್ತಾಗಿ ಕೊರಗುವುದು ಬೇಡ.

ಇದರ ಸುಖ ಏನು ಅಂದರೆ, ಮೊದಲ ಮೂರರಿಂದ ಆರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರೂ ಆಮೇಲೆ ಬಹಳಷ್ಟು ಜನಕ್ಕೆ ಬರೀ ಆಸ್ಪಿರಿನ್ ಸಾಕಾಗುತ್ತದೆ. ಚಿಕ್ಕಪ್ಪ ಸೊಪ್ಪು ತಿನ್ನುವಾಗ ಲೆಕ್ಕ ಹಾಕುವುದಿಲ್ಲ, ಲ್ಯಾಬಿನ ಮುಖ ನೋಡಿ ವರ್ಷಗಳಾದವು. ವರ್ಷಕ್ಕೊಮ್ಮೆ ಎಕೋ ಮಾಡಿಸುತ್ತಾರೆ. ಎಎಫ್ ಇರುವವರಿಗೆ ಈ ಸುಖ ಅರ್ಧ ಮಾತ್ರ, ಅವರಿಗೆ ಮಾತ್ರೆ ಮುಂದುವರಿಯುತ್ತದೆ.

ಕಷ್ಟ ಅಂದರೆ ಸವೆತ. 30 ವರ್ಷದವರಿಗೆ ಹಾಕಿದರೆ ನಲವತ್ತರ ಹೊತ್ತಿಗೆ ಇನ್ನೊಂದು ಆಪರೇಷನ್ ಬರಬಹುದು, ಆಮೇಲೆ ಮತ್ತೊಂದೂ ಬರಬಹುದು. ಎರಡನೇ ಸಲ ಎದೆ ತೆರೆಯುವುದು ಮೊದಲಿನಷ್ಟು ಸಲೀಸಲ್ಲ. ಒಳಗೆಲ್ಲ ಅಂಟಿಕೊಂಡಿರುತ್ತದೆ. ಸವೆದ ಟಿಶ್ಯೂ ವಾಲ್ವಿನ ಒಳಗೆ ನಳಿಕೆಯಿಂದಲೇ ಇನ್ನೊಂದು ವಾಲ್ವ್ ಕೂರಿಸುವುದು ಈಗ ಕೆಲವರಿಗೆ ಸಾಧ್ಯ. ಆದರೆ ಅದನ್ನೇ ನೆಚ್ಚಿಕೊಂಡು ಇವತ್ತಿನ ತೀರ್ಮಾನ ಮಾಡಬೇಡಿ, ಅದಕ್ಕೆ ತುಂಬಾ ದುಡ್ಡು ಬೇಕು.

ಎದೆ ತೆರೆಯದೆ ಅಯೋರ್ಟಿಕ್ ಜಾಗಕ್ಕೆ ನಳಿಕೆಯಿಂದ ಹೊಸ ವಾಲ್ವ್ ಕೂರಿಸುವ ವಿಧಾನಕ್ಕೆ ಟಾವಿ ಅನ್ನುತ್ತಾರೆ. ಅದೂ ಟಿಶ್ಯೂ ವಾಲ್ವೇ. ವಯಸ್ಸಾದವರಿಗೆ, ದೊಡ್ಡ ಆಪರೇಷನ್ ತಡೆಯದವರಿಗೆ ವರದಾನ. ಖರ್ಚು ಲಕ್ಷಗಟ್ಟಲೆ ಜಾಸ್ತಿ.

ಮಾತ್ರೆ ಜೊತೆಗಿನ ದಿನಗಳು

ಮೆಕ್ಯಾನಿಕಲ್ ಕಡೆ ವಾಲುತ್ತಿದ್ದರೆ ಇದನ್ನು ಎರಡು ಸಲ ಓದಿ. ಮನೆಯಲ್ಲಿ ಅಡುಗೆ ಮಾಡುವವರಿಗೂ ಓದಿ ಹೇಳಿ.

ಮಾತ್ರೆ ಎರಡು ಥರ. ಒಂದು ವಾರ್ಫರಿನ್, ಇನ್ನೊಂದು ಅಸಿನೊಕುಮರಾಲ್. ಎರಡನೆಯದನ್ನು ನಮ್ಮ ಕಡೆ ಎಲ್ಲರೂ ಅಸಿಟ್ರಾಮ್ ಅಂತಲೇ ಕರೆಯುತ್ತಾರೆ. ಇವೆರಡೂ ಒಂದೇ ತೂಕದವಲ್ಲ. ಒಂದರ ಬದಲು ಇನ್ನೊಂದನ್ನು ಅಷ್ಟೇ ಮಿಲಿಗ್ರಾಂ ನುಂಗುವ ಹಾಗಿಲ್ಲ. ಒಂದೇ ಮಾತ್ರೆಯಲ್ಲೂ 1, 2, 3 ಮಿಲಿಗ್ರಾಂ ಅಂತ ಬೇರೆ ಬೇರೆ ಇರುತ್ತವೆ. ಅಂಗಡಿಯಲ್ಲಿ ಪಟ್ಟಿ ಕೈಗೆ ಬಂದ ತಕ್ಷಣ ಹೆಸರನ್ನೂ ಮಿಲಿಗ್ರಾಮನ್ನೂ ಅಲ್ಲೇ ನಿಂತು ಓದಿ.

ವಾರ್ಫರಿನ್ ಹೆಸರು ಹುಡುಕಿದವರು ಗಾಬರಿಯಾಗಿ "ಇದು ಇಲಿ ಪಾಷಾಣವಂತೆ" ಅನ್ನುತ್ತಾರೆ. ನಿಜ, ಅಮೆರಿಕದಲ್ಲಿ ಕೊಳೆತ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. ಕಾರಣ ಹುಡುಕುತ್ತಾ ಹೋದವರಿಗೆ ಒಂದು ವಸ್ತು ಸಿಕ್ಕಿತು, ಅದರ ಜಾಡಿನಲ್ಲೇ ವಾರ್ಫರಿನ್ ತಯಾರಾಯಿತು. 1948ರಲ್ಲಿ ಇಲಿ ಕೊಲ್ಲಲು ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಎಷ್ಟು ಕೊಡಬೇಕು ಅನ್ನುವುದರಲ್ಲೇ ಎಲ್ಲ ಇದೆ. ಆ ಅಳತೆ ತಿಳಿಯಲೆಂದೇ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವುದು.

ಮಾತ್ರೆ ತಿನ್ನದವರ ಐಎನ್‌ಆರ್ 1ರ ಆಸುಪಾಸು ಇರುತ್ತದೆ. ಅಯೋರ್ಟಿಕ್ ಜಾಗದ ಈಗಿನ ವಾಲ್ವಿಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5 ಇರಬೇಕು ಅನ್ನುತ್ತಾರೆ. ನಿಮ್ಮದು ಎಷ್ಟು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಮೊದಮೊದಲು ವಾರಕ್ಕೆ ಒಂದೆರಡು ಸಲ ರಕ್ತ ಕೊಡಬೇಕು, ಹದಕ್ಕೆ ಬಂದ ಮೇಲೆ ತಿಂಗಳಿಗೊಮ್ಮೆ. ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸ ಒಳ್ಳೆಯದು. ಅಷ್ಟರಲ್ಲಿ ರಿಪೋರ್ಟ್ ಬಂದಿರುತ್ತದೆ, ಡಾಕ್ಟರು ಬದಲಾಯಿಸಿದರೆ ಅವತ್ತಿನಿಂದಲೇ ಬದಲಾಗುತ್ತದೆ. ನಾವು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದಿದ್ದೇವೆ: ತಾರೀಖು, ಐಎನ್‌ಆರ್, ಮಾತ್ರೆ ಎಷ್ಟು, ಆ ವಾರ ಏನು ವಿಶೇಷ. ಈಗ ಮೂರನೇ ಪುಸ್ತಕ ನಡೆಯುತ್ತಿದೆ.

ಆ ನಾಲ್ಕನೇ ಗೆರೆಯಿಂದಲೇ ನಾವು ಕಲಿತದ್ದು. ಮುಂಗಾರು ಬಿದ್ದ ತಿಂಗಳು ತಮ್ಮನ ಐಎನ್‌ಆರ್ ಪ್ರತಿ ವರ್ಷ ಕೆಳಗಿಳಿಯುತ್ತಿತ್ತು. ಯಾಕೆ ಅಂತ ಎರಡು ವರ್ಷ ತಿಳಿಯಲಿಲ್ಲ. ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಚಿಗುರುವ ಕಾಲ ಅದು. ಅವ್ವ ದಿನಾ ಮುದ್ದೆಗೆ ಸೊಪ್ಪಿನ ಸಾರು ಮಾಡುತ್ತಿದ್ದಳು. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಮಾತ್ರೆ ಅದರ ಕೆಲಸವನ್ನು ತಡೆಯುತ್ತದೆ, ಸೊಪ್ಪಿನಲ್ಲಿ ಅದು ತುಂಬಾ ಇರುತ್ತದೆ. ಹಾಗಂತ ಸೊಪ್ಪು ಬಿಡಬೇಡಿ. ಪಾಲಕ್, ಮೆಂತ್ಯ, ನುಗ್ಗೆ ಸೊಪ್ಪು, ದಂಟು ಏನೇ ಇರಲಿ, ವಾರಕ್ಕೆ ಎರಡು ದಿನ ಅಂದರೆ ವರ್ಷವಿಡೀ ಎರಡೇ ದಿನ. ಒಂದೇ ಸಮ ಇದ್ದರೆ ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತಾರೆ. ಶ್ರಾವಣದ ಉಪವಾಸ, ರಂಜಾನ್ ತಿಂಗಳು, ವಾಂತಿ ಭೇದಿ, ಯಾವುದರಿಂದ ಊಟ ಏರುಪೇರಾದರೂ ಒಂದು ಪರೀಕ್ಷೆ ಜಾಸ್ತಿ ಮಾಡಿಸಿ. ಬೆಣ್ಣೆ ದೋಸೆ ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಐಎನ್‌ಆರ್‌ಗೆ ಅದರಿಂದ ಅಂಥಾ ತೊಂದರೆಯಿಲ್ಲ, ಬೆಣ್ಣೆ ಎಷ್ಟು ಅನ್ನುವುದು ಬೇರೆ ಲೆಕ್ಕ.

ಊಟಕ್ಕಿಂತ ಹೆಚ್ಚು ಹೆದರಬೇಕಾದ್ದು ಬೇರೆ ಔಷಧಿಗಳಿಗೆ. ಆಪರೇಷನ್ ಆದ ಮೂರನೇ ವರ್ಷ ತಮ್ಮನಿಗೆ ದವಡೆ ಹಲ್ಲು ನೋವು ಬಂತು. ಒಂದು ಮೆಡಿಕಲ್ ಶಾಪಿನಲ್ಲಿ ಹೇಳಿ ಮೂರು ಥರದ ಮಾತ್ರೆ ತಂದ. ಅವನು ಅಸಿಟ್ರಾಮ್ ವಿಷಯ ಹೇಳಲಿಲ್ಲ, ಅವರು ಕೇಳಲಿಲ್ಲ. ಐದನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ನೊರೆ ಕೆಂಪಗಿತ್ತು. ದಿಂಬಿನ ಕವರಿನಲ್ಲಿ ಕಲೆ ಇತ್ತು. ಎಡ ತೋಳಿನಲ್ಲಿ ಎಲ್ಲೂ ತಾಗಿಸಿಕೊಳ್ಳದೆ ಅಂಗೈ ಅಗಲ ಕಪ್ಪುಗಟ್ಟಿತ್ತು. ಐಎನ್‌ಆರ್ 6.8. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮಾತ್ರೆ ನಿಲ್ಲಿಸಿ ನೋಡಿದರು. ಅವನು ತಿಂದದ್ದರಲ್ಲಿ ಒಂದು ಮೆಟ್ರೊನಿಡಜೋಲ್, ಇನ್ನೊಂದು ಡೈಕ್ಲೋಫೆನಾಕ್. ಮೊದಲನೆಯದು ಐಎನ್‌ಆರ್ ಏರಿಸುತ್ತದೆ, ಎರಡನೆಯದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸುತ್ತದೆ. ಕೆಲವು ಆಂಟಿಬಯಾಟಿಕ್ಕುಗಳು, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಕೂಡ ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಕೆಲವು ಮಾತ್ರೆಗಳು ಇಳಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್ ವಾಸಿ, ಅದೂ ದಿನಗಟ್ಟಲೆ ತಿಂದರೆ ಐಎನ್‌ಆರ್ ನೋಡಿಸಿ. ನಾಟಿ ಔಷಧಿ, ಕಷಾಯದ ಪುಡಿ ಕೂಡ ಹೇಳದೆ ಕೇಳದೆ ಬೇಡ. ಸೊಂಟಕ್ಕೆ ಸೂಜಿ ಚುಚ್ಚುವ ಮುಂಚೆ ಬಾಯಿಬಿಟ್ಟು ಹೇಳಿ, ಮಾಂಸದೊಳಗೆ ರಕ್ತ ತುಂಬಿಕೊಳ್ಳುತ್ತದೆ.

ಕಡಿಮೆಯಾಗುವುದೂ ಅಷ್ಟೇ ಅಪಾಯ. ದುಗ್ಗಮ್ಮನ ಜಾತ್ರೆಯ ಗಲಾಟೆಯಲ್ಲಿ ಒಮ್ಮೆ ಎರಡು ದಿನ ಮಾತ್ರೆ ತಪ್ಪಿತು. ಐಎನ್‌ಆರ್ 1.4ಕ್ಕೆ ಬಂತು. ಮತ್ತೆ ಏರುವವರೆಗೆ ಹೊಟ್ಟೆಯ ಚರ್ಮಕ್ಕೆ ರಕ್ತ ತೆಳು ಮಾಡುವ ಹೆಪಾರಿನ್ ಸೂಜಿ ಹಾಕಿಸಿಕೊಂಡ. ಮರೆತದ್ದು ಅವತ್ತೇ ನೆನಪಾದರೆ ಅವತ್ತೇ ತೆಗೆದುಕೊಳ್ಳಿ. ಮಾರನೇ ದಿನ ಎರಡು ಸೇರಿಸಿ ನುಂಗಬೇಡಿ.

ಐಎನ್‌ಆರ್ ನೋಡಬೇಕಿಲ್ಲದ ಹೊಸ ಮಾತ್ರೆಗಳು ಬಂದಿವೆಯಲ್ಲ ಅಂತ ಕೇಳುತ್ತಾರೆ. ಮೆಕ್ಯಾನಿಕಲ್ ವಾಲ್ವಿಗೆ ಅವು ಆಗುವುದಿಲ್ಲ. ಅವುಗಳಲ್ಲಿ ಒಂದಾದ ಡಾಬಿಗಟ್ರಾನ್ ಕೊಟ್ಟು ನೋಡಿದಾಗ ಹೆಪ್ಪೂ ರಕ್ತಸ್ರಾವವೂ ಜಾಸ್ತಿಯಾಗಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು, 2013ರಲ್ಲಿ ಅದರ ವರದಿ ಬಂತು. ಇನ್ನೊಂದಾದ ಅಪಿಕ್ಸಬಾನ್ ಪ್ರಯೋಗವೂ ಹೆಪ್ಪು ಜಾಸ್ತಿಯಾಗಿ 2022ರಲ್ಲಿ ನಡುವೆಯೇ ನಿಂತಿತು. ಯಾರೇ ಬದಲಾಯಿಸಿ ಅಂದರೂ ನಿಮ್ಮ ಹೃದಯದ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ.

ಮಲ ಡಾಂಬರಿನ ಹಾಗೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ (ಗಾಯ ಕಾಣದಿದ್ದರೂ), ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆ. ಜೇಬಿನಲ್ಲಿ ಒಂದು ಚೀಟಿ ಇರಲಿ: ಯಾವ ವಾಲ್ವ್, ಯಾವ ಮಾತ್ರೆ, ಯಾರಿಗೆ ಫೋನ್ ಮಾಡಬೇಕು.

ಇನ್ನು ಲ್ಯಾಬ್. ದಾವಣಗೆರೆ, ಚಿತ್ರದುರ್ಗ ಪಟ್ಟಣದಲ್ಲಿ ಇರುವವರಿಗೆ ಇದು ಅರ್ಧ ಗಂಟೆ ಕೆಲಸ, ಕೆಲವು ನೂರು ರೂಪಾಯಿ. ಮೊಳಕಾಲ್ಮೂರಿನ ಒಳಗಿನ ಹಳ್ಳಿಯವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಸ್ ಚಾರ್ಜು. ಮೂರು ತಿಂಗಳು ಸರಿಯಾಗಿ ಬರುತ್ತಾರೆ, ಆಮೇಲೆ ಬಿತ್ತನೆ ಬರುತ್ತದೆ, ಒಕ್ಕಣೆ ಬರುತ್ತದೆ, ಬಿಟ್ಟುಹೋಗುತ್ತದೆ. ಅದಕ್ಕೆ ಆಪರೇಷನ್‌ಗೆ ಮುಂಚೆಯೇ ಹೋಗಿ ವಿಚಾರಿಸಿ. ತಾಲ್ಲೂಕಿನಲ್ಲಿ ಐಎನ್‌ಆರ್ ಮಾಡುತ್ತಾರಾ, ರಕ್ತ ತೆಗೆದು ಅವತ್ತೇ ಬೇರೆಡೆಗೆ ಕಳಿಸುತ್ತಾರಾ, ರಿಪೋರ್ಟ್ ಫೋನಿಗೆ ಬರುತ್ತದಾ, ಬಂದ ಮೇಲೆ ಮಾತ್ರೆ ಎಷ್ಟು ಅಂತ ಫೋನಿನಲ್ಲಿ ಹೇಳುವ ಡಾಕ್ಟರು ಯಾರು? ಈ ಕೊನೆಯದಕ್ಕೆ ಉತ್ತರ ಸಿಗುವವರೆಗೂ ಮೆಕ್ಯಾನಿಕಲ್‌ಗೆ ಹೂಂ ಅನ್ನಬೇಡಿ. ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಯಂತ್ರವೂ ಇದೆ, ಸಕ್ಕರೆ ಕಾಯಿಲೆಯ ಯಂತ್ರದ ಹಾಗೆ. ಯಂತ್ರವೂ ದುಬಾರಿ, ಪಟ್ಟಿಗಳೂ ದುಬಾರಿ. ಅನುಕೂಲ ಇದ್ದವರು ನೋಡಬಹುದು.

ದುಡ್ಡು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ದಾವಣಗೆರೆಯವರು ಚಿಗಟೇರಿ ಜಿಲ್ಲಾಸ್ಪತ್ರೆಯಿಂದ, ದುರ್ಗದವರು ಅಲ್ಲಿನ ಜಿಲ್ಲಾಸ್ಪತ್ರೆಯಿಂದ ಶುರು ಮಾಡಬೇಕು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುವವರು ಕಾಗದಪತ್ರ ಇಲ್ಲೇ ಸರಿ ಮಾಡಿಕೊಂಡು ರಾತ್ರಿ ಬಸ್ ಹತ್ತಿ, ಇಲ್ಲದಿದ್ದರೆ ದಾವಣಗೆರೆಯಿಂದ 260 ಕಿಲೋಮೀಟರ್ ಸುಮ್ನೆ ಎರಡು ಸಲ ಓಡಾಡಬೇಕಾಗುತ್ತದೆ. ಯೋಜನೆಯಲ್ಲಿ ಯಾವ ವಾಲ್ವ್ ಬರುತ್ತದೆ, ಮೇಲೆ ಏನಾದರೂ ಕಟ್ಟಬೇಕಾ ಅಂತ ಅಡ್ಮಿಟ್ ಆಗುವ ಮುಂಚೆ ಕೇಳಿ ಬರೆಸಿಕೊಳ್ಳಿ.

ಆಪರೇಷನ್ ಖರ್ಚು ಒಂದು ಸಲದ್ದು. ಮೆಕ್ಯಾನಿಕಲ್‌ನವರು ಮಾತ್ರೆ, ಲ್ಯಾಬು, ಓಡಾಟವನ್ನು ವರ್ಷಕ್ಕೆ ಇಷ್ಟು ಅಂತ ತೆಗೆದಿಡಬೇಕು. ಮಾತ್ರೆ ಅಗ್ಗವೇ. ಟಿಶ್ಯೂನವರು ಎರಡನೇ ಆಪರೇಷನ್ ಹೊತ್ತಿಗೆ ಕೈಯಲ್ಲಿ ಏನಿರುತ್ತದೆ, ಆಗ ದುಡಿಯುವವರು ಯಾರು ಅಂತ ನೋಡಬೇಕು.

ಆ ಮೂವರಿಗೆ ಹೇಳಿದ್ದು

ಮೇಷ್ಟ್ರ ವಿಷಯ ಸುಲಭ. 69, ಅಯೋರ್ಟಿಕ್, ಎದೆಬಡಿತ ಸರಿ ಇದೆ. ಟಿಶ್ಯೂ. ಟಾವಿ ಬೇಕಾ ಅಂತ ಸರ್ಜನ್ನನ್ನೂ ಮಕ್ಕಳನ್ನೂ ಕೇಳಿ ಅಂದೆ.

ಜಗಳೂರಿನ ಅಣ್ಣನಿಗೆ 48, ಮೈಟ್ರಲ್, ಎಎಫ್ ಇದೆ. ಹೇಗಿದ್ದರೂ ಮಾತ್ರೆ ತಪ್ಪದು, ಟಿಶ್ಯೂ ಹಾಕಿಸಿದರೆ ಮಾತ್ರೆಯೂ ಉಳಿಯುತ್ತದೆ, ಎರಡನೇ ಆಪರೇಷನ್ನೂ ಬರುತ್ತದೆ. ನನಗೆ ಮೆಕ್ಯಾನಿಕಲ್ ಸರಿ ಅನಿಸಿತು. ಆದರೆ "ಹಬ್ಬಕ್ಕೆ ಒಂದಿಷ್ಟು ತಗೋತೀನಮ್ಮ" ಅಂದರು. ಬಿಡಲು ಆಗುತ್ತದಾ ಅಂತ ಅವರ ಹೆಂಡತಿ ಮುಂದೆಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬಿಡ್ತೀನಿ" ಅಂದರು. ತಿಂಗಳ ಮೊದಲ ಸೋಮವಾರ ಲ್ಯಾಬ್ ಅಂತ ಹೆಂಡತಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ ಅಂದಿದ್ದಾರೆ. ಆ ಅಮ್ಮನ ಮೇಲೆ ನನಗೆ ನಂಬಿಕೆ ಇದೆ.

ಹಿರಿಯೂರಿನ ಹುಡುಗಿಯದೇ ಕಷ್ಟ. ಬಸಿರಿನ 6ರಿಂದ 12ನೇ ವಾರದಲ್ಲಿ ಈ ಮಾತ್ರೆ ಮಗುವಿನ ಅಂಗಾಂಗಕ್ಕೆ ತೊಂದರೆ ಕೊಡಬಹುದು, ದಿನಕ್ಕೆ 5 ಮಿಲಿಗ್ರಾಂಗಿಂತ ಜಾಸ್ತಿ ವಾರ್ಫರಿನ್ ಬೇಕಾಗುವವರಿಗೆ ಇನ್ನೂ ಹೆಚ್ಚು. ಅದನ್ನು ಬಿಟ್ಟು ಹೆಪಾರಿನ್ ಸೂಜಿಗೆ ಬದಲಾಯಿಸಿದರೆ ಮಗುವಿಗೆ ವಾಸಿ, ತಾಯಿಯ ವಾಲ್ವಿಗೆ ಹೆಪ್ಪು ಕಟ್ಟುವ ಭಯ ಜಾಸ್ತಿ. ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡು ಹೆತ್ತವರಿದ್ದಾರೆ, ಆದರೆ ಪ್ರತಿ ವಾರ ಡಾಕ್ಟರ ಕಣ್ಣೆದುರು ಇರಬೇಕು. ಮುಟ್ಟಿನಲ್ಲೂ ರಕ್ತ ಜಾಸ್ತಿ ಹೋಗುತ್ತದೆ. ಹಾಗಾಗಿ ಮೊದಲು ಬಲೂನ್ ಆಗುತ್ತದಾ ಕೇಳಿ, ಆಗದಿದ್ದರೆ ರಿಪೇರಿ ಕೇಳಿ, ಅದೂ ಆಗದಿದ್ದರೆ ಟಿಶ್ಯೂ ಹಾಕಿಸಿ, ಡಾಕ್ಟರು ಹೂಂ ಅಂದ ಮೇಲೆ ತಡ ಮಾಡದೆ ಮಕ್ಕಳು ಮಾಡಿಕೊಂಡು, ಅದು ಸವೆದ ಕಾಲಕ್ಕೆ ಮೆಕ್ಯಾನಿಕಲ್ ಹಾಕಿಸಿ ಅಂದೆ. ಎರಡನೇ ಆಪರೇಷನ್ ಖಂಡಿತ ಬರುತ್ತದೆ ಅಂತ ಗಂಡನ ಮನೆಯವರಿಗೆ ಇವತ್ತೇ ಹೇಳಿ, ಆಮೇಲೆ ಹುಡುಗಿ ಮೇಲೆ ಮಾತು ಬರಬಾರದು ಅಂತಲೂ ಹೇಳಿದೆ. ಅವರಪ್ಪ ಕಣ್ಣೊರೆಸಿಕೊಂಡರು. ರುಮ್ಯಾಟಿಕ್ ಜ್ವರಕ್ಕೆ ಮೂರು ವಾರಕ್ಕೊಮ್ಮೆ ಹಾಕುವ ಪೆನ್ಸಿಲಿನ್ ಸೂಜಿಯನ್ನು ವಾಲ್ವ್ ಬದಲಾಯಿಸಿದ ಮೇಲೂ ನಿಲ್ಲಿಸುವುದಿಲ್ಲ, ಡಾಕ್ಟರು ನಿಲ್ಲಿಸಿ ಅನ್ನುವವರೆಗೂ. ರಕ್ತ ತೆಳುವಾಗಿರುವವರಿಗೆ ಅದನ್ನೇ ಮಾತ್ರೆಯಾಗಿ ಕೊಡುವುದುಂಟು.

ಮೂವರಿಗೂ ಸೇರಿಸಿ ಒಂದು ಕೆಲಸ ಹೇಳಿ ಕಳಿಸಿದೆ. ಆಪರೇಷನ್‌ಗೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಹುಳುಕು ಇದ್ದರೆ ತುಂಬಿಸಿ, ಕೀಳುವಂಥದ್ದಿದ್ದರೆ ಈಗಲೇ ಕೀಳಿಸಿಕೊಳ್ಳಿ. ಯಾವ ವಾಲ್ವ್ ಹಾಕಿಸಿದರೂ ಬಾಯಿಯ ಸೋಂಕು ಅದಕ್ಕೆ ಹತ್ತಿಕೊಳ್ಳಬಹುದು, ಆಮೇಲೆ ಹಲ್ಲು ಕೀಳಿಸಬೇಕಾದರೆ ಮುಂಚೆ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ತಮ್ಮನ ದವಡೆ ಹಲ್ಲು ಆಪರೇಷನ್‌ಗೆ ಮುಂಚೆಯೇ ಅಲ್ಲಾಡುತ್ತಿತ್ತು. ನಾವು ಆಮೇಲೆ ನೋಡೋಣ ಅಂದಿದ್ದೆವು.